ಉಪವಾಸ ಹಿಡಿದ ಮೀನುಗಳು

ರಕ್ತ ಪರೀಕ್ಷೆ ಮಾಡುವವರನ್ನು ಕಂಡರೆ ಜನ ಹೆದರುತ್ತಾರೆ. ಕೆರೆ ನೀರು ಪರೀಕ್ಷೆ ಮಾಡುವ ನನ್ನನ್ನು ಕಂಡರೆ ಕರೆದು ಕೂರಿಸಿ ಚಹಾ ಕೊಡುತ್ತಾರೆ, ಆಮೇಲೆ ನನ್ನ ಕೆಲಸ ಕೆಡಿಸುತ್ತಾರೆ. ಹುಬ್ಬಳ್ಳಿ-ಧಾರವಾಡದ ಯಾವ ಕೆರೆಗೆ ಹೋದರೂ ಇದು ತಪ್ಪಿದ್ದಲ್ಲ. ಗೋಪನಕೊಪ್ಪದ ಆಚೆಯ ಒಂದು ಸಣ್ಣ ಕೆರೆಯಲ್ಲಂತೂ ಇಂಥವು ಸಾಲುಗಟ್ಟಿ ನಡೆದವು.

ಆ ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆ, ದಂಡೆಯ ಮೇಲಿನ ಪಂಕ್ಚರ್ ಅಂಗಡಿಯ ಕಾಕಾರದು. ಹೋದ ಬೇಸಿಗೆಯಲ್ಲಿ ಮೀನು ಸತ್ತು ತೇಲಿ ಓಣಿಯೆಲ್ಲ ನಾತ ಹೊಡೆದಿತ್ತು. "ಈ ಸಲಾನೂ ಸತ್ರ ಗುತ್ತಿಗಿ ಬ್ಯಾರೇದವರಿಗೆ ಕೊಡತೇವಿ" ಎಂದು ಕೆರೆ ಕಮಿಟಿಯವರು ಹೇಳಿಬಿಟ್ಟಿದ್ದರು. ಹೊಸ ಮರಿ ಬಿಟ್ಟ ದಿನದಿಂದ ಕಾಕಾರಿಗೆ ನಿದ್ದೆಯೇ ಇರಲಿಲ್ಲ.

೧. ಇಬ್ಬರು ಸೊಸೆಯರು

ಮೀನಿನ ಹೊಲಸು, ಕೊಳೆತ ತಿನಿಸು ಎಲ್ಲ ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನಿಗೆ ಅಷ್ಟು ತ್ರಾಸಿಲ್ಲ, ನೀರಿನ ಗಿಡಗಳು ಅದನ್ನು ಉಂಡುಕೊಳ್ಳುತ್ತವೆ. ಇಷ್ಟನ್ನು ಕಾಕಾರಿಗೆ ಬಿಡಿಸಿ ಬಿಡಿಸಿ ಹೇಳಿದೆ.

ಕಾಕಾ ಟ್ಯೂಬಿಗೆ ಪ್ಯಾಚ್ ಹಚ್ಚುತ್ತಲೇ ಅಂದರು: "ನಮ್ಮ ಮನೀಗತೆನ ಐತಿ ಬಿಡ್ರಿ ಮೇಡಂ. ದೊಡ್ಡ ಸೊಸಿ ಭಾಂಡೆ ತಿಕ್ಕತಾಳ, ಸಣ್ಣಾಕಿ ತೊಳೀತಾಳ."

"ಖರೇ ಹೇಳಿದ್ರಿ! ಸಣ್ಣಾಕಿ ತವರಮನೀಗೆ ಹೋದ್ರ?"

"ಸಾಬೂನು ಹತ್ತಿದ ತಾಟಿನ್ಯಾಗ ಉಣ್ಣೂದ್ರಿ."

ಅಂಗಡಿ ಹಿಂದಿನ ಮನೆಯಿಂದ ಸಣ್ಣ ಸೊಸೆಯ ದನಿ ಬಂತು: "ತಿಕ್ಕಾಕಿನೂ ನಾನ, ತೊಳ್ಯಾಕಿನೂ ನಾನ ರೀ ಮೇಡಂ!"

ಎರಡೂ ಕೆಲಸ ಒಂದೇ ಮಾಡುವ ಬ್ಯಾಕ್ಟೀರಿಯಾವೂ ಇದೆ. ಆದರೆ ಅದನ್ನು ಆವತ್ತು ಹೇಳುವ ಧೈರ್ಯ ನನಗಾಗಲಿಲ್ಲ.

೨. ಬಾಟಲಿ

ಒಂದು ದಿನ ನನಗೆ ಹೋಗಲಾಗಲಿಲ್ಲ. "ಕೆರಿ ನೀರು ಬಾಟ್ಲಿ ತುಂಬಿ ಕಳಸ್ರಿ" ಎಂದು ಕಾಕಾರಿಗೆ ಫೋನ್ ಮಾಡಿದೆ. ಬಂತು. ಪರೀಕ್ಷೆ ಮಾಡಿದರೆ ಅಮೋನಿಯಾ ಇಲ್ಲ, ನೈಟ್ರೈಟ್ ಇಲ್ಲ, ಪಾಚಿಯ ಕುರುಹೂ ಇಲ್ಲ. ನಮ್ಮ ಲ್ಯಾಬಿನ ಸಾಹೇಬರು ಕುರ್ಚಿ ಬಿಟ್ಟೆದ್ದು, "ಇದು ಕೆರಿ ಅಲ್ರೀ, ಗಂಗೋತ್ರಿ!" ಅಂದರು. ನಾನು ಕುಣಿಯುತ್ತ ಕಾಕಾರ ಮನೆಗೆ ಓಡಿದೆ.

ಕಾಕಾರ ಹೆಂಡತಿ ಹೇಳಿದರು: "ಇವರು ತಂದಿಟ್ಟ ನೀರು ಭಾಳ ಹೊಲಸಿತ್ರಿ. ಚೆಲ್ಲಿ, ಬಾಟ್ಲಿ ತಿಕ್ಕಿ ತೊಳದು, ಫಿಲ್ಟರ್ ನೀರು ತುಂಬಿ ಕಳಿಸೇನಿ. ಆಫೀಸಿನ ಮಂದಿಗೆ ಅಂಥಾ ನೀರು ಕೊಡೂದೇನ್ರಿ?"

"ಅಯ್ಯ, ಅದು ಕುಡ್ಯಾಕಲ್ರಿ, ಪರೀಕ್ಷಾಕ್ಕ!"

"ಪರೀಕ್ಷಾದಾಗ ಪಾಸ್ ಆತಿಲ್ರಿ ಮತ್ತ?"

೩. ಬಾಯಿ ಬಿಟ್ಟ ಮೀನು

ಬೇಸಿಗೆ ಬಂತು. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ನೀರು ಕಾದು ಆಮ್ಲಜನಕ ತಗ್ಗಿ ಅವಕ್ಕೆ ಉಸಿರು ಸಾಲುತ್ತಿರಲಿಲ್ಲ. ವಾಕಿಂಗ್ ಬರುವವರು ಹಸಿವು ಅಂದುಕೊಂಡರು. ಚುರುಮುರಿ, ಗಿರಮಿಟ್, ನಿನ್ನೆಯ ಚಪಾತಿ, ಮೊಮ್ಮಗನ ಹುಟ್ಟುಹಬ್ಬಕ್ಕೆ ಪೇಢೆ, ಎಲ್ಲ ನೀರಿಗೆ ಬಿದ್ದವು. ಬಿದ್ದದ್ದು ಕೊಳೆತು ಅಮೋನಿಯಾ ಏರಿತು. ಅದನ್ನು ತೊಳೆಯಲು ನಮ್ಮ ಇಬ್ಬರು ಸೊಸೆಯರು ನೀರಿನಲ್ಲಿದ್ದ ಆಮ್ಲಜನಕವನ್ನೇ ಎಳೆದುಕೊಂಡರು. ಮೀನು ಇನ್ನಷ್ಟು ಬಾಯಿ ಬಿಟ್ಟವು, ಮಂದಿ ಇನ್ನಷ್ಟು ಹಾಕಿದರು.

ಕಾಕಾ ಅಂಗಡಿಯ ಕಂಪ್ರೆಸರ್ ಪೈಪನ್ನು ಕೆರೆಗೆ ಬಿಟ್ಟು ಗಾಳಿ ಹೊಡೆಯತೊಡಗಿದರು. ನಾನು "ಮೀನಿಗೆ ತಿನಿಸು ಹಾಕಬಾರದು" ಎಂದು ಬೋರ್ಡು ನೆಡಿಸಿದೆ. ಮರುದಿನ ಒಬ್ಬ ರಿಟೈರ್ಡ್ ಮಾಸ್ತರರು ಅದೇ ಬೋರ್ಡಿಗೆ ಆತು ನಿಂತು ಗಿರಮಿಟ್ ಎಸೆಯುತ್ತಿದ್ದರು.

"ಸರ್, ಬೋರ್ಡ್ ಓದಲಿಲ್ಲೇನ್ರಿ?"

"ಓದೇನಿ. ಅದಕ್ಕ ಮೆಣಸಿನಕಾಯಿ ತಗದು ಹಾಕಾಕತ್ತೇನಿ."

೪. ಉಪವಾಸ

ಕಾಕಾರ ಮುಖ ಸಣ್ಣದಾಯಿತು. "ಇವರ ಪ್ರೀತಿಯೊಳಗ ನನ್ನ ಮೀನು ಸಾಯತಾವ್ರಿ" ಅಂದರು. ಮರುದಿನ ನೋಡಿದರೆ ಕಾಕಾ ನನ್ನ ಬೋರ್ಡು ಕಿತ್ತು ತಮ್ಮದೊಂದು ನೆಟ್ಟಿದ್ದರು: "ಮೀನು ಉಪವಾಸ ಅದಾವು. ಕೆಡಿಸಬ್ಯಾಡ್ರಿ."

ಅಷ್ಟೇ! ಒಂದು ಕಾಳು ಚುರುಮುರಿ ಬೀಳಲಿಲ್ಲ. ನಮ್ಮ ಮಂದಿ ಕಾಯ್ದೆ ಮುರಿದಾರು, ಇನ್ನೊಬ್ಬರ ಉಪವಾಸ ಮುರಿಯುವುದಿಲ್ಲ. ಮಾಸ್ತರರಂತೂ ಕೆರೆಗೆ ಬೆನ್ನು ಮಾಡಿ ಗಿರಮಿಟ್ ತಿನ್ನತೊಡಗಿದರು: "ಉಪವಾಸ ಇದ್ದವರ ಮುಂದ ತಿನ್ನಬಾರದು ನೋಡ್ರಿ."

ಕೆರೆಯ ಹುಳ, ಪಾಚಿ ಮೀನಿಗೆ ಸಾಕಾಯಿತು. ಕಂಪ್ರೆಸರ್ ಗಾಳಿಯಲ್ಲಿ ಸೊಸೆಯರಿಬ್ಬರೂ ಹುರುಪಿನಿಂದ ದುಡಿದರು. ಅಮೋನಿಯಾ ಇಳಿಯಿತು, ಹಿಂದೆಯೇ ನೈಟ್ರೈಟೂ ಇಳಿಯಿತು. ಬೇಸಿಗೆ ಮುಗಿದರೂ ಒಂದು ಮೀನೂ ತೇಲಲಿಲ್ಲ. ಗುತ್ತಿಗೆ ಕಾಕಾರದೇ ಎಂದು ಕಮಿಟಿಯವರು ಹೇಳಿದ ಸಂಜೆ, ನಾವಿಬ್ಬರೂ ದಂಡೆಯ ಮೇಲೆ ಖುಷಿಯಿಂದ ಮಿರ್ಚಿ ಭಜಿ ತಿನ್ನುತ್ತಿದ್ದೆವು, ಕೆರೆಗೆ ಬೆನ್ನು ಮಾಡಿಯೇ.

ಆಗ ಓಣಿಯ ಹಿರಿಯ ಅಮ್ಮ ಒಬ್ಬರು ಡಬ್ಬಿ ಹಿಡಿದು ನೇರ ನೀರಿನತ್ತ ಹೊರಟರು. ಮುಚ್ಚಳ ತೆಗೆದರೆ ಬಿಸಿ ಬಿಸಿ ಸಾಬೂದಾಣಿ ಖಿಚಡಿ.

"ಪಾಪ, ಎಷ್ಟು ದಿನಾ ಅಂತ ಖಾಲಿ ಹೊಟ್ಟೀಲೆ ಇರತಾವು? ಇದು ಉಪವಾಸಕ್ಕ ನಡೀತೈತ್ರಿ."

ಕಾಕಾ ಹೌಹಾರಿ ಎದ್ದು ಅಡ್ಡ ನಿಂತರು. "ಅಮ್ಮಾರ, ಬ್ಯಾಡ್ರಿ! ಇದು ನಿಮ್ಮ ಕಡೀ ಉಪವಾಸ ಅಲ್ಲ, ನಮ್ಮ ಕಡೀದು. ರಂಜಾನದಾಗ ಹಿಡೀತೇವಲ್ಲ, ಆ ರೋಜಾ! ಏನೂ ನಡಿಯಂಗಿಲ್ಲ."

ಅಮ್ಮ ಡಬ್ಬಿ ಮುಚ್ಚಿದರು.

"ಹಂಗೇನು? ಮೊದಲ ಹೇಳಬಾರದೇನ್ರಿ? ಹೊತ್ತು ಮುಣುಗಿದ ಮ್ಯಾಲೆ ಖಜೂರ ತಗೊಂಡು ಬರತೇನಿ."