ಬೆಲ್ಜಿಯಂಗೆ ಹೋಗಿಬಂದ ಪೆಟ್ಟಿಗೆಗಳ ಒಡೆಯರಿಗೆ

ವಾಲ್ಸಾಲ್ ನಗರದ ಮೊಬೈಲ್ ರಫ್ತಿನ ಮಹಾರಥಿಗಳೂ, ನನ್ನ ಅಕ್ಕ ಮ್ಯೂರಿಯಲ್‌ಳ ಪತಿದೇವರೂ ಆದ ಶ್ರೀ ಕ್ಲೈವ್ ಟ್ರಾಂಟರ್ ಅವರ ಸನ್ನಿಧಿಗೆ,

ಮಾನ್ಯ ಭಾವನವರೇ,

ಗುಟ್ಟಾಗಿ ಬರೆದರೆ ತಮ್ಮ ಕೀರ್ತಿಗೆ ಅನ್ಯಾಯವಾದೀತೆಂದು ಈ ದೂರನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಕ್ರಿಸ್‌ಮಸ್ ಊಟದಲ್ಲಿ ಟರ್ಕಿ ಕೋಳಿ ಕೊಯ್ಯುತ್ತಿದ್ದ ಚಾಕುವನ್ನೇ ಎತ್ತಿ ಹಿಡಿದು, "ಎನಿಡ್, ಇವತ್ತಿಂದ ನೀನೂ ನಮ್ಮ ಕಂಪನಿ ಡೈರೆಕ್ಟರ್ ಕಣೇ!" ಎಂದು ತಾವು ಘೋಷಿಸಿದಾಗ ನನ್ನ ಕಣ್ಣು ತುಂಬಿಬಂದಿತ್ತು. ನಿರ್ದೇಶಕಿಯಾಗಿ ನಾನು ಚಹಾ ಮಾಡಿದೆ. ಬೆಲ್ಜಿಯಂಗೆ ಮಾರಿದ ಫೋನಿನ ಪೆಟ್ಟಿಗೆಗಳು ಮತ್ತೆ ನಮ್ಮ ಗೋದಾಮಿಗೇ ಬರುವುದೂ, ಮತ್ತೆ ಹೊರಡುವುದೂ, ಪ್ರತಿ ಯಾತ್ರೆಗೂ ಯಾರೂ ಕಟ್ಟದ ವ್ಯಾಟ್ ತೆರಿಗೆಯನ್ನು ತಾವು ಸರ್ಕಾರದಿಂದ ವಾಪಸ್ ಪಡೆಯುವುದೂ ಅರ್ಥವಾಗದೆ, ಒಂದು ಪೆಟ್ಟಿಗೆಗೆ ಕೆಂಪು ಉಣ್ಣೆಯ ದಾರ ಕಟ್ಟಿ ಕಳಿಸಿದೆ. ಅದು ದಾರದ ಸಮೇತ ಮರಳಿತು. ತೋರಿಸಿದರೆ, "ಊರು ನೆನಪಾಗಿ ಬಂದಿರ್ಬೇಕು ಬಿಡೇ, ಹೋಗಿ ಚಾ ಮಾಡು" ಎಂದು ವಾತ್ಸಲ್ಯದಿಂದ ನುಡಿದಿರಿ. ಮರುದಿನ ದಾರ ಮಾಯವಾಗಿ, ಪೆಟ್ಟಿಗೆ ಮತ್ತೆ ಲಾರಿ ಹತ್ತಿತ್ತು.

ತೆರಿಗೆಯವರು ಬಾಗಿಲು ತಟ್ಟಿದಾಗ ಕಂಪನಿಯನ್ನೇ ಮುಚ್ಚಿ, "ಸತ್ತೋರಿಗೆ ದಂಡ ಹಾಕೋಕಾಗುತ್ತಾ?" ಎಂದು ಪಬ್ಬಿನಲ್ಲಿ ನಕ್ಕಿರಿ. ಆದರೆ ಬೇಕೆಂದೇ ವಂಚಿಸಿದ ನಿರ್ದೇಶಕರು ದಂಡವನ್ನು ಸ್ವಂತ ಜೇಬಿನಿಂದ ಕಟ್ಟತಕ್ಕದ್ದೆಂದು ನಮ್ಮಿಬ್ಬರಿಗೂ ನೋಟಿಸು ಬಂದದ್ದೇ, "ನಾನೇ ಕಂಪನಿ" ಎಂದು ಮದುವೆ ಮಸಣಗಳಲ್ಲೆಲ್ಲ ಸಾರುತ್ತಿದ್ದ ತಾವು ಎಂಥ ವಿನಯ ತಾಳಿದಿರಿ! ನ್ಯಾಯಮಂಡಳಿಯ ಮುಂದೆ ಕೈಕಟ್ಟಿ, "ನಾನು ಹೆಸರಿಗಷ್ಟೇ ಮೇಡಂ, ಎಲ್ಲಾ ನಮ್ಮ ಎನಿಡ್ ನೋಡ್ಕೊಳ್ತಿದ್ಲು" ಎಂದಿರಿ.

ನನಗಿದ್ದ ಒಂದು ಪುಟ್ಟ ಮನೆ ಹರಾಜಾಗುವುದು ಕಣ್ಣಿಗೆ ಕಟ್ಟಿ, ದಾರದ ಸಂಗತಿ ಹೇಳಿದೆ. ನ್ಯಾಯಾಧೀಶೆ ತಮ್ಮತ್ತ ತಿರುಗಿ, "ದಾರ ಕತ್ತರಿಸಿ ಪೆಟ್ಟಿಗೇನ ಮತ್ತೆ ಕಳಿಸಿದ್ದು ಯಾರು? ಇವರೇನಾ?" ಎಂದು ಕೇಳಿದರು.

"ಇವಳಾ?" ತಮ್ಮ ಮುಖ ಕೆಂಪಗಾಯಿತು. "ನನ್ನ ಕಂಪನೀಲಿ ನನ್ನ ಕೇಳ್ದೆ ಒಂದು ದಾರಾನೂ ಯಾರೂ ಕತ್ತರಿಸೋ ಹಾಗಿಲ್ಲ!"

ತಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ದಂಡವಷ್ಟೂ ತಮ್ಮೊಬ್ಬರ ಹೆಸರಿಗೇ ಬಂತು.

ನನ್ನ ದೂರು ಇಷ್ಟೇ: ಆ ಗೌರವದಲ್ಲಿ ಈ ಬಡ ನಿರ್ದೇಶಕಿಗೆ ಕಾಸಿನಷ್ಟೂ ಪಾಲು ಉಳಿಸಲಿಲ್ಲ. ತಮ್ಮ ಮುಂದಿನ ಕಂಪನಿಯಲ್ಲಿ ದಯವಿಟ್ಟು ನಮ್ಮ ಬೆಕ್ಕಿಗೆ ನನ್ನ ಸ್ಥಾನ ದಯಪಾಲಿಸಬೇಕು. ಅದಕ್ಕೆ ಸಹಿ ಹಾಕಲು ಬಾರದು. ಚಾ ಮಾಡು ಎಂದರೆ ಪರಚುತ್ತದೆ.

ತಮ್ಮ ಕೃಪೆಯಿಂದ ನಿರ್ದೇಶಕಿಯಾಗಿ, ನ್ಯಾಯಮಂಡಳಿಯ ಕೃಪೆಯಿಂದ ಬರೀ ನಾದಿನಿಯಾಗಿ ಉಳಿದ

ತಮ್ಮ ವಿಶ್ವಾಸಿ,
ಎನಿಡ್

ತಾ.ಕ.: ತೆರಿಗೆಯವರ ಕೈಗೆ ಸಿಗದಿರಲೆಂದು ತಾವು ಮುಂಚೆಯೇ ತಮ್ಮ ಮನೆಯನ್ನು ಮ್ಯೂರಿಯಲ್ ಹೆಸರಿಗೆ ಬರೆದದ್ದು ದೊಡ್ಡ ದೂರದೃಷ್ಟಿ. ಅಕ್ಕ ಅದನ್ನು ಮನಸಾರೆ ಸ್ವೀಕರಿಸಿ, ಇಂದು ಬೆಳಿಗ್ಗೆ ಬೀಗ ಬದಲಿಸಿದ್ದಾಳೆ. ತಮ್ಮ ಸೂಟುಗಳೆಲ್ಲ ಅಂಗಳದಲ್ಲಿವೆ. ಬೇಗ ಬನ್ನಿ, ಮಳೆ ಬರುವ ಹಾಗಿದೆ.