ಅಕ್ಕನ ಮನೆಗೆ ಹಿತ್ತಾಳೆ ನವಿಲು

"ಇನ್ನ ಮುಂದ ಈ ಮನಿಯಿಂದ ಅಂಗಡಿ ಆಯೇರಿ ಹೋಗಂಗಿಲ್ಲ. ನನ್ನ ಕೈಯಾರೆ ಮಾಡಿ ಕೊಡ್ತೇನಿ," ಎಂದು ಇಳಕಲ್ಲಿನ ನಿವೃತ್ತ ಗುಮಾಸ್ತ ಧರ್ಮರಾಜ ಒಂದು ಸೋಮವಾರ ಬೆಳಿಗ್ಗೆ ಘೋಷಿಸಿದ. ಹೆಂಡತಿ ವಿದ್ಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಘೋಷಣೆಗಳನ್ನು ಕೇಳಿ ಕೇಳಿ ಆಕೆ ದಣಿದಿದ್ದಳು.

ಅಂಗಡಿಯ ಆಯೇರಿ, ಅಂದರೆ ಕೊಂಡು ತಂದ ಉಡುಗೊರೆ, ಬೇಡವೆಂಬ ಈ ಶಪಥಕ್ಕೆ ಕಾರಣವಿತ್ತು. ಕಮತಗಿಯಲ್ಲಿರುವ ಅಕ್ಕ ಸುಂದರವ್ವ ಎರಡು ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದಳು. ಅವಳ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಈ ಮಹಾಶಯ ಉಡುಗೊರೆ ಕೊಟ್ಟ ಸ್ಟೀಲ್ ಡಬ್ಬಿಯ ಮೇಲೆ 'ಹನಮಂತಪ್ಪ ಅವರಿಂದ' ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು! ನಮ್ಮ ಕಡೆ ಭಾಂಡೆ-ಪಾತ್ರೆ ಕೊಡುವವರು ಹೆಸರು ಹಾಕಿಸದೆ ಕೊಡುವುದಿಲ್ಲ. ಬಂದ ಭಾಂಡೆಯನ್ನು ಇನ್ನೊಬ್ಬರಿಗೆ ದಾಟಿಸುವವರು ಹೆಸರು ನೋಡದೆ ದಾಟಿಸಬಾರದು. ಧರ್ಮರಾಜ ನೋಡಿರಲಿಲ್ಲ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ, ಈಗ ಅವನ ಫೋನನ್ನೂ ಎತ್ತುತ್ತಿರಲಿಲ್ಲ. ಆ ಸಂಕಟಕ್ಕೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಬರುವ ಶುಕ್ರವಾರ ಅಕ್ಕನ ಹೊಸ ಮನೆಯ ವಾಸ್ತುಶಾಂತಿ. ಕಾರ್ಡು ಬಂದಿತ್ತು, ಮಾತು ಬಂದಿರಲಿಲ್ಲ. ಯಾರ ಹೆಸರೂ ಇಲ್ಲದ, ತಾನೇ ಮಾಡಿದ ಒಂದು ಹಿತ್ತಾಳೆ ನವಿಲು ಕೊಟ್ಟರೆ ಅಕ್ಕ ಮಾತಾಡಿಯಾಳು ಎಂಬುದು ಅವನ ಲೆಕ್ಕ.

ಅದಕ್ಕಾಗಿ ಸ್ಕ್ರೋಲ್ ಸಾ ತರಿಸಿದ್ದ. ನೂಲಿನಷ್ಟು ಸಣ್ಣ ಬ್ಲೇಡು ಮೇಲೆ ಕೆಳಗೆ ಕುಣಿಯುವ ಗರಗಸದ ಮಷೀನು ಅದು. ವಿಡಿಯೋದಲ್ಲಿ ಯಾವನೋ ಪುಣ್ಯಾತ್ಮ ಅದರಿಂದ ತಗಡನ್ನು ಬೆಣ್ಣೆಯಂತೆ ಕೊಯ್ಯುತ್ತಿದ್ದ. ಧರ್ಮರಾಜ ಕೊಯ್ಯಲು ಕೂತರೆ ತಗಡು ಗಡಗಡ ನಡುಗಿತು, ಬ್ಲೇಡು ಟಪ್ಪೆಂದು ಮುರಿಯಿತು. ತಾನು ಹಾಕುತ್ತಿರುವುದು ಕಟ್ಟಿಗೆ ಕೊಯ್ಯುವ ಬ್ಲೇಡು ಎಂಬ ಜ್ಞಾನೋದಯ ಆರನೆಯದು ಮುರಿದ ಮೇಲೆ ಆಯಿತು. ಲೋಹದ ಬ್ಲೇಡು ಹುಡುಕಿ ತಂದ. ತಗಡು ನಡುಗದಿರಲೆಂದು ಎರಡು ಪ್ಲೈವುಡ್ ತುಂಡುಗಳ ನಡುವೆ ಬಿಗಿದ. ಆದರೂ ಬುಧವಾರ ಸಂಜೆ ನವಿಲಿನ ಕುತ್ತಿಗೆ ಹಾರಿಹೋಯಿತು. ಮಗ್ಗದ ಸಪ್ಪಳದಲ್ಲೇ ಹುಟ್ಟಿ ಬೆಳೆದ ಓಣಿಯ ಜನ ಕೂಡ ಬಂದು, ಇದೇನು ತಲೆ ತಿನ್ನುವ ಸಪ್ಪಳ ಎಂದು ವಿಚಾರಿಸಿ ಹೋದರು. ಅವನ ಸೊಂಟ ಹಿಡಿಯಿತು. ಸಾಕಪ್ಪಾ ಈ ಜನ್ಮ ಅನ್ನಿಸಿತು.

ಗುರುವಾರ ವಿದ್ಯಾ, ಗಂಡನ ಅಕ್ಕನಿಗೆ ಕುಪ್ಪಸದ ಖಣ ತರಲು ಗುಳೇದಗುಡ್ಡಕ್ಕೆ ಹೋದಳು. ಇತ್ತ ತಗಡು ಮುಗಿದಿತ್ತು. ಧರ್ಮರಾಜ ಅಟ್ಟ ಹತ್ತಿದ. ಮೂಲೆಯಲ್ಲಿ ಹಿಟ್ಟು ನಾದುವ ಅಗಲ ತಟ್ಟೆ, ಒಂದು ಹಳೆಯ ಹಿತ್ತಾಳೆ ಪರಾತ, ತಳವೆಲ್ಲ ಕಿಲುಬು ಹಿಡಿದು ಕರ್ರಗೆ ಬಿದ್ದಿತ್ತು. ಅದರ ಅಂಚು ಕತ್ತರಿಸಿ ಒಗೆದು, ಮೇಲೆ ನವಿಲಿನ ಚಿತ್ರ ಅಂಟಿಸಿ, ದಿನವಿಡೀ ಕೊಯ್ದ. ಏನಾಶ್ಚರ್ಯ! ಗರಿ, ಕೊಕ್ಕು, ಜುಟ್ಟು ಎಲ್ಲ ಇದ್ದಲ್ಲೇ ಇದ್ದವು. ಧರ್ಮರಾಜ ಹಿಗ್ಗಿ ಹೀರೇಕಾಯಿ ಆದ.

ಸಂಜೆ ಹುಣಸೆಹಣ್ಣು ಹಚ್ಚಿ ಹಿಂಬದಿ ತಿಕ್ಕತೊಡಗಿದ. ನವಿಲಿನ ಹೊಟ್ಟೆಯ ಮೇಲೆ ಒಂದೊಂದೇ ಚುಕ್ಕಿ ಮೂಡಿತು. 'ಸೌ. ಸುಂದರವ್ವ, ಕಮತಗಿ. ತಮ್ಮನ ಮನೆಯ ವಾಸ್ತುಶಾಂತಿಗೆ.' ಇಪ್ಪತ್ತು ವರ್ಷದ ಹಿಂದೆ ಅಕ್ಕನೇ ಕೊಟ್ಟ ಪರಾತ! ಒಂದಕ್ಷರವೂ ಗರಗಸಕ್ಕೆ ಸಿಕ್ಕಿರಲಿಲ್ಲ.

ಆಗಷ್ಟೇ ಬಸ್ಸಿಳಿದು ಬಂದ ವಿದ್ಯಾ ಅದನ್ನು ಓದಿ ಅಲ್ಲೇ ಕುಳಿತಳು.

"ಹಿಂದಿನ ಸಲ ಹನಮಂತಪ್ಪನ ಹೆಸರ ಇತ್ತು," ಎಂದಳು ಸಾವಕಾಶವಾಗಿ. "ಈ ಸಲ ಅಕ್ಕಾರದ ಹೆಸರ ಐತಿ. ಸುಧಾರಿಸೀರಿ ಬಿಡ್ರಿ."

"ಏನರ ದಾರಿ ಹೇಳ, ಮಾರಾಯ್ತಿ."

"ದಾರಿ ಕೇಳೂದು ಕೊಯ್ಯೂಕಿಂತ ಮೊದಲ."

ಲೋಹ ಉಜ್ಜುವ ಕಾನಸು ಹಿಡಿದು ಉಜ್ಜಿದ. ಚುಕ್ಕಿಗಳು ಆಳವಾಗಿದ್ದವು, ಇನ್ನಷ್ಟು ಉಜ್ಜಿದರೆ ಹೊಟ್ಟೆಯೇ ತೂತಾಗುತ್ತಿತ್ತು. ಆಗ ಅವನ ತಲೆ ಮತ್ತೆ ಓಡಿತು. ಮೇಣದಬತ್ತಿ ಕರಗಿಸಿ ಅಕ್ಷರಗಳನ್ನೆಲ್ಲ ತುಂಬಿದ. ನವಿಲನ್ನು ಸಾಗವಾನಿ ಹಲಗೆಗೆ ಗೋಂದಿನಿಂದ ಅಂಟಿಸಿದ. ಇನ್ನು ಬ್ರಹ್ಮ ಬಂದರೂ ಓದಲಾರ ಎಂದುಕೊಂಡು ಮಲಗಿದ.

ಶುಕ್ರವಾರ ಕಮತಗಿಯಲ್ಲಿ ಸುಂದರವ್ವ ವಿದ್ಯಾಳ ಕೈಯಿಂದ ಖಣ ತೆಗೆದುಕೊಂಡಳು, ತಮ್ಮನ ಕಡೆ ನೋಡಲಿಲ್ಲ. ನವಿಲನ್ನು ಮಾತ್ರ ಹೋಮಕುಂಡದ ಪಕ್ಕದ ಗೋಡೆಗೆ ತೂಗಿಹಾಕಿಸಿದಳು. ಬಂದವರೆಲ್ಲ ಯಾರು ಮಾಡಿದ್ದು ಎಂದು ಕೇಳುವವರೇ. ಧರ್ಮರಾಜ ಎದೆಯುಬ್ಬಿಸಿ ನಿಂತ. ಅಷ್ಟರಲ್ಲಿ ಹೋಮದ ಉರಿ ಏರಿತು, ಶಾಖಕ್ಕೆ ಮೇಣ ಮೆತ್ತಗಾಯಿತು. ಮೇಣ ತುಂಬಿದ ತಗಡಿಗೆ ಗೋಂದು ಎಲ್ಲಿ ಹಿಡಿದೀತು? ನವಿಲು ಮೆಲ್ಲಗೆ ಜಾರಿ, ಠಣ್ಣೆಂದು ಅಕ್ಕನ ಪಾದದ ಹತ್ತಿರ ಹಿಂಬದಿ ಮೇಲಾಗಿ ಬಿತ್ತು.

ಅಕ್ಕ ಅದನ್ನೆತ್ತಿಕೊಂಡಳು. ಸೆರಗಿನ ತುದಿಯಿಂದ ಮೇಣ ಒರೆಸಿದಳು. ತುಟಿ ಅಲುಗಿಸುತ್ತ ಅಕ್ಷರ ಅಕ್ಷರ ಓದಿದಳು. ಪುರೋಹಿತರೂ ಮಂತ್ರ ನಿಲ್ಲಿಸಿದರು. ಧರ್ಮರಾಜ ಬಾಗಿಲು ಎಷ್ಟು ದೂರವಿದೆ ಎಂದು ನೋಡಿದ. ಅಕ್ಕ ನವಿಲನ್ನು ಅಂಗೈಯಲ್ಲಿ ಎರಡು ಸಲ ತೂಗಿ ನೋಡಿ, ಎರಡು ವರ್ಷದ ಮೇಲೆ ಮೊದಲ ಸಲ ಅವನ ಕಡೆ ತಿರುಗಿದಳು.

"ಧರ್ಮಾ, ನಾ ಕೊಟ್ಟಾಗ ಇದು ಮೂರು ಕಿಲೋ ಇತ್ತು. ಉಳಿದದ್ದು ನಾಳೆ ತಂದು ಕೊಟ್ಟು, ಊಟ ಮಾಡ್ಕೊಂಡ ಹೋಗು."