ಸೊರಬದಲ್ಲಿ ಬಾಯಿಬಿಟ್ಟ ಡಬ್ಬಿ

ಗೀಸರ್ ಹಾಕಿ ಮರೆತರೆ ಯಾವ ಹೆಂಡತಿ ಬಯ್ಯುವುದಿಲ್ಲ ಹೇಳಿ! ಆದರೆ ಶಿಕಾರಿಪುರದಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಅಂಗಡಿ ಇಟ್ಟಿದ್ದ ಲೋಕೇಶನಿಗೆ ಆ ಬೈಗುಳ ನೇರ ಅಭಿಮಾನಕ್ಕೇ ತಾಗಿತು. "ಊರೋರ ಮೋಟರೆಲ್ಲ ರಿಪೇರಿ ಮಾಡ್ತೀರಿ, ನಿಮ್ಮ ತಲೆ ಒಂದು ಬಿಟ್ಟು" ಎಂದುಬಿಟ್ಟಿದ್ದಳು ಕರುಣಾ.

ಅಂದೇ ಮಹಾಯಜ್ಞ ಶುರು. ಬಚ್ಚಲ ಬಿಸಿನೀರಿನ ನಲ್ಲಿಗೊಂದು ಮೀಟರ್, ನಡುಮನೆಯಲ್ಲೊಂದು ಮಾತಾಡುವ ಡಬ್ಬಿ. ನಡುವೆ ತಂತಿಯೇ ಇಲ್ಲ! ಎರಡರೊಳಗೂ ಉಗುರಿನಷ್ಟು ವೈಫೈ ಚಿಪ್. ನೀರು ಕಾದರೆ ಡಬ್ಬಿ ಕರೆಯುತ್ತದೆ. ಯಾರೂ ನೀರು ಮುಟ್ಟದಿದ್ದರೆ ದಿನ ಎಣಿಸಿ ಐದೈದು ನಿಮಿಷಕ್ಕೊಮ್ಮೆ ಹಂಗಿಸುತ್ತದೆ. ದನಿ ಸ್ವತಃ ಲೋಕೇಶನದೇ. ಕರೆಂಟು ಹೋದರೂ ಬಾಯಿ ಮುಚ್ಚಬಾರದೆಂದು ಬ್ಯಾಟರಿ ಇಟ್ಟ. ಕರುಣಾ ಆರಿಸಿಬಿಟ್ಟಾಳೆಂದು ಆಫ್ ಗುಂಡಿಯನ್ನೇ ಇಡಲಿಲ್ಲ. (ಎಂಥ ಬುದ್ಧಿ ನೋಡಿ!)

ಎರಡನೆಯ ಸೆಟ್ಟು ಸೊರಬದ ಅತ್ತೆ ನೀಲಾಂಬಿಕಮ್ಮನವರಿಗೆ. ಪ್ರತಿ ಸೆಟ್ಟಿಗೂ ಬೇರೆ ನಂಬರ್ ಕೊಡಬೇಕು, ಇಲ್ಲದಿದ್ದರೆ ಇಂಟರ್ನೆಟ್ಟಿನಲ್ಲಿ ಯಾರ ಮನೆಯ ಸುದ್ದಿ ಯಾರ ಮನೆಗೋ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. "ಅದೆಲ್ಲ ಸಾವಿರ ಪೀಸ್ ಮಾಡೋ ಕಂಪನಿಯೋರಿಗೆ. ಎರಡೇ ಪೀಸಿಗೆ ಎಂಥ ನಂಬರು ಕಣೇ!" ಎಂದು ಹೆಂಡತಿಯ ಮುಂದೆ ನಕ್ಕು, ಮೊದಲನೆಯದರ ಪ್ರೋಗ್ರಾಮನ್ನೇ ಎರಡನೆಯದಕ್ಕೂ ಇಳಿಸಿದ.

ಆ ಭಾನುವಾರ ಸೊರಬಕ್ಕೆ ನಾದಿನಿ ನಯನಳನ್ನು ನೋಡಲು ಶಿರಾಳಕೊಪ್ಪದಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ಕೈತಪ್ಪಿದ್ದವು. ಇದೊಂದು ಕೂಡಿಬಂದರೆ ಸಾಕೆಂದು ಅತ್ತೆ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದರು. ಸಹಾಯಕ್ಕೆಂದು ಕರುಣಾ ಮೂರು ದಿನ ಮೊದಲೇ ತವರಿಗೆ ಹೋಗಿದ್ದಳು. ಲೋಕೇಶ ಅಂದು ಬೆಳಗಿನ ಬಸ್ಸಿಗೆ ಬಂದಿಳಿದ. ನೀರು ಹಚ್ಚಿ ಬಾಚಿದ ಕ್ರಾಪು, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಡಬ್ಬಿ. "ಈ ಚಳಿಯಲ್ಲೂ ಅಳಿಯಂದ್ರು ಎಷ್ಟು ಮಡಿ ನೋಡೇ" ಎಂದರು ಅತ್ತೆ.

ಗಂಡಿನ ತಂದೆ ಗುರುಮಲ್ಲಪ್ಪನವರು ಕೇಸರಿಬಾತಿಗೆ ಚಮಚ ಹಾಕುವಷ್ಟರಲ್ಲಿ ಲೋಕೇಶನಿಗೆ ತಡೆಯಲಾಗಲಿಲ್ಲ. ಡಬ್ಬಿಯನ್ನು ಟೀಪಾಯಿ ಮೇಲಿಟ್ಟು ಕರುಣಾಳ ಫೋನಿನ ನೆಟ್ಟಿಗೆ ಜೋಡಿಸಿದ. "ಬಚ್ಚಲ ಮೀಟರ್ ಆಮೇಲೆ ಕಟ್ತೀನಿ. ಮೊದ್ಲು ಇದರ ಮಾತು ಕೇಳಿ!"

ಡಬ್ಬಿ ಗಂಟಲು ಸರಿಮಾಡಿಕೊಂಡಿತು. "ನಮಸ್ಕಾರ. ಈ ಮನೆಯಲ್ಲಿ ಮೂರು ದಿನದಿಂದ ಯಾರೂ ಸ್ನಾನ ಮಾಡಿಲ್ಲ. ದಯವಿಟ್ಟು ಬನ್ನಿ."

ಗುರುಮಲ್ಲಪ್ಪನವರ ಚಮಚ ಬಾಯಿಯ ಹತ್ತಿರವೇ ನಿಂತಿತು. ಹೆಣ್ಣು ನೋಡಲು ಬಂದ ಗಿರೀಶ ಕುರ್ಚಿಯ ತುದಿಗೆ ಸರಿದ. ನಯನ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ಕಲ್ಲಾದಳು.

"ಅಯ್ಯೋ ಶಿವನೇ! ದಿನಾ ಐದಕ್ಕೆದ್ದು ಸ್ನಾನ ಮಾಡಿ ಲಿಂಗಪೂಜೆ ಮಾಡೋ ಮನೆ ಇದು!" ಅತ್ತೆಯ ಕಣ್ಣಲ್ಲಿ ನೀರು ಬಂತು.

ಗುರುಮಲ್ಲಪ್ಪನವರು ಹುಬ್ಬುಗಂಟಿಕ್ಕಿದರು. "ತಡೀರಿ. ಬಚ್ಚಲಿಗೆ ಇನ್ನೂ ಏನೂ ಕಟ್ಟೇ ಇಲ್ಲ ಅಂದ್ರಿ. ಇದಕ್ಕೆ ಮೂರು ದಿನದ್ದು ಹೆಂಗ್ರೀ ಗೊತ್ತಾತು?"

ಲೋಕೇಶನಿಗೆ ತನ್ನ ಮನೆಯ ಬೀರು ನೆನಪಾಯಿತು. ಶಿಕಾರಿಪುರದ ಡಬ್ಬಿಯ ಕಾಟ ತಾಳದೆ, ಅದನ್ನು ಕಂಬಳಿಯಲ್ಲಿ ಸುತ್ತಿ ಬೀರುವಿನೊಳಗೆ ತುರುಕಿ ಬಂದಿದ್ದ.

"ನಾನು ಇಲ್ಲಿಗೆ ಬಂದು ಎಷ್ಟು ದಿನ ಆಯ್ತು ರೀ?" ಎಂದಳು ಕರುಣಾ, ಮೆಲ್ಲಗೆ.

"ಮೂರು."

"ಎರಡಕ್ಕೂ ಒಂದೇ ನಂಬರು. ಅಂದ್ರೆ ಇದು ಹೇಳ್ತಿರೋದು ನಮ್ಮ ಮನೆ ಸುದ್ದಿ!"

"ತಣ್ಣೀರಲ್ಲಿ ಮಾಡಿದೆ ಕಣೇ..."

"ನೀವಾ? ಬಾಯಿ ಮುಕ್ಕಳಿಸೋಕೂ ಬಿಸಿನೀರು ಕೇಳೋರು!"

ಸುಮ್ಮನಿದ್ದರೆ ನಾದಿನಿಯ ಸಂಬಂಧ ಹೋಗುತ್ತದೆ, ಬಾಯಿ ಬಿಟ್ಟರೆ ತನ್ನ ಮಾನ. ಲೋಕೇಶ ಅತ್ತೆಯ ಕಣ್ಣು ನೋಡಿದ. ಪಾಪ ಅನ್ನಿಸಿತು.

"ನಾನೇ. ಮೂರು ದಿನದಿಂದ. ಇವತ್ತು ತಲೆಗಷ್ಟೇ ನೀರು ಹಚ್ಕೊಂಡು ಬಂದೆ."

ಮೊದಲು ನಕ್ಕವನು ಗಿರೀಶ. ಅವನನ್ನು ನೋಡಿ ನಯನಳೂ ಕಿಸಕ್ಕೆಂದಳು. ಇಬ್ಬರ ನಗು ನಿಲ್ಲದ್ದನ್ನು ಕಂಡು ಗುರುಮಲ್ಲಪ್ಪನವರು ಹೇಳಿದರು: "ಹುಡುಗಿ ನಮಗೆ ಒಪ್ಪಿಗೆ ರೀ. ಷಡ್ಡಕನ್ನ ಮಾತ್ರ ನಮ್ಮ ಹುಡುಗ ಸ್ವಲ್ಪ ದೂರ ಕೂರಿಸಿಕೊಳ್ಳಲಿ."

ಅತ್ತೆ ಕಣ್ಣೊರೆಸಿಕೊಂಡು ಟವೆಲ್ ತಂದು ಅಳಿಯನ ಕೈಗಿತ್ತರು. "ಆ ವಿಭೂತಿ ಅಳಿಸಿ, ಮೊದ್ಲು ಬಚ್ಚಲಿಗೆ ನಡೀರಿ."

ಎಲ್ಲರಿಗೂ ಕೇಳಲೆಂದು ಲೋಕೇಶ ಚೊಂಬನ್ನು ಬಕೆಟ್ಟಿಗೆ ಬಡಿಬಡಿದು ಸುರಿದುಕೊಂಡ. ಮೈ ತುಂಬ ಸೋಪು ಹಚ್ಚಿಕೊಂಡಿದ್ದಾಗ ನಡುಮನೆಯಿಂದ ಅವನದೇ ದನಿ ಕೇಳಿಸಿತು: "ನಮಸ್ಕಾರ. ಈ ಮನೆಯಲ್ಲಿ ಮೂರು ದಿನದಿಂದ..."

"ಯಾರಾದ್ರೂ ಅದನ್ನ ಆಫ್ ಮಾಡ್ರೋ!" ಎಂದು ಒಳಗಿನಿಂದ ಕಿರುಚಿದ.

"ಗುಂಡಿ ಎಲ್ಲಿದೆ ರೀ?" ಎಂದು ಕೂಗಿದಳು ಕರುಣಾ.